ಪಿಲ್ಲರ್‌ಗೆ ಬಟ್ಟೆ ಸುತ್ತೋ ಕಂಪನಿ ಬೆಳೆದ ಕಥೆ

(ಹೋದ ತಿಂಗಳು ದಾವಣಗೆರೆಯಲ್ಲಿ ಸೈಟ್ ಇಂಜಿನಿಯರ್‌ಗಳು, ಕಾಂಟ್ರ್ಯಾಕ್ಟರ್‌ಗಳು, ಒಂದಷ್ಟು ಫೈನಲ್ ಇಯರ್ ಹುಡುಗ ಹುಡುಗೀರು ಸೇರಿದ್ದ ಸಭೇಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರ್ದಿದ್ದೀನಿ, ಅದಕ್ಕೆ ಮಾತಿನ ಧಾಟಿ ಹಾಗೇ ಉಳಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಹಳೇ ಕಟ್ಟಡ ರಿಪೇರಿ ಕೆಲಸದಲ್ಲಿ ಇರೋನು, ಹೊಸದು ಕಟ್ಟೋದು ಕಮ್ಮಿ, ಕಟ್ಟಿದ್ದು ಬೀಳದ ಹಾಗೆ ನೋಡ್ಕೊಳ್ಳೋದೇ ಜಾಸ್ತಿ. ಸೈಟಲ್ಲಿ ಕಾರ್ಬನ್ ಶೀಟಿನ, ಅಂದ್ರೆ ಪಿಲ್ಲರ್‌ಗೆ ಸುತ್ತೋ ಕಾರ್ಬನ್ ಎಳೆಯ ಬಟ್ಟೆಯ, ರೋಲು ಬಿಚ್ಚಿದ ತಕ್ಷಣ ಯಾರಾದ್ರೂ ಒಬ್ರು ಮೇಸ್ತ್ರಿ ಬಂದು ಬೆರಳಲ್ಲಿ ಮುಟ್ಟಿ ನೋಡಿ "ಸಾರ್, ಈ ಬಟ್ಟೆ ಸುತ್ತಿದ್ರೆ ಪಿಲ್ಲರ್ ಗಟ್ಟಿ ಆಗ್ಬಿಡತ್ತಾ" ಅಂತ ಕೇಳೇ ಕೇಳ್ತಾರೆ. ಕೇಳ್ಬೇಕು ಕೂಡ. ನಮ್ಮ ಇಂಜಿನಿಯರ್‌ಗಳು ಆ ಪ್ರಶ್ನೆ ಕೇಳೋದೇ ಇಲ್ಲ, ಕ್ಯಾಟಲಾಗ್ ನೋಡ್ತಾರೆ, ಟನ್ನು ಲೆಕ್ಕ ನೋಡ್ತಾರೆ, ಆರ್ಡರ್ ಮಾಡ್ತಾರೆ. ಅದಕ್ಕೇ ಇವತ್ತು ನಾನು ಫಾರ್ಮುಲಾ ಹೇಳ್ದೆ ಒಂದು ಕಂಪನಿ ಕಥೆ ಹೇಳೋಣ ಅಂತ ಬಂದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಡಿಯಾಗೋ ಕಡೆ ಶುರುವಾದ ಫೈಫ್ ಅನ್ನೋ ಕಂಪನಿ. ಎಡ್ವರ್ಡ್ ಫೈಫ್ ಅನ್ನೋರು 1988ರಲ್ಲಿ ಶುರು ಮಾಡಿದ್ದು, ಅವರ ಮಾಲಿನ ಹೆಸರು ಟೈಫೋ ಫೈಬರ್‌ರ್‍ಯಾಪ್. ಆ ಮೇಸ್ತ್ರಿ ಕೇಳೋ ಪ್ರಶ್ನೇನ ಮೊದಲ ದಿನದಿಂದ ಸೀರಿಯಸ್ಸಾಗಿ ತಗೊಂಡಿದ್ದಕ್ಕೇ ಆ ಕಂಪನಿ ಬೆಳೀತು ಅಂತ ನನ್ನ ನಂಬಿಕೆ.

ಮೊದಲು ಬಟ್ಟೆ ಸುತ್ತಿದ್ರೆ ಏನಾಗತ್ತೆ ಅನ್ನೋದು ಹೇಳ್ಬಿಡ್ತೀನಿ, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿರೋದು. ಕಣದಲ್ಲಿ ಭತ್ತ ರಾಶಿ ಹಾಕಿ ಅದರ ಮೇಲೆ ಹತ್ತಿ ನಿಂತ್ಕೊಳ್ಳಿ, ಕಾಲು ಹೂತ್ಕೊಂಡು ಭತ್ತ ಪಕ್ಕಕ್ಕೆ ಜಾರ್‍ಕೊಂಡು ಹೋಗತ್ತೆ. ಅದೇ ಭತ್ತಾನ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದ್ರೆ ಒಂದರ ಮೇಲೊಂದು ಹತ್ತು ಚೀಲ ಪೇರಿಸ್ತಾರೆ, ಕೆಳಗಿನ ಚೀಲ ಅಲ್ಲಾಡಲ್ಲ. ಗೋಣಿ ಏನು ಭಾರ ಹೊತ್ತಿದ್ಯಾ? ಇಲ್ಲ, ಖಾಲಿ ಗೋಣಿ ನೆಟ್ಟಗೆ ನಿಂತ್ಕೊಳ್ಳೋದೂ ಇಲ್ಲ. ಅದು ಮಾಡ್ತಿರೋದು ಒಂದೇ ಕೆಲಸ, ಭತ್ತ ಪಕ್ಕಕ್ಕೆ ಹೋಗದ ಹಾಗೆ ತಡೆಯೋದು. ಕಾಂಕ್ರೀಟ್ ಪಿಲ್ಲರೂ ಹಾಗೇ, ಮೇಲಿಂದ ಭಾರ ಜಾಸ್ತಿ ಆದಾಗ ಅದು ಒಳಗೇ ಬಿರುಕು ಬಿಟ್ಟು ಹೊಟ್ಟೆ ಉಬ್ಬಿಸ್ಕೊಂಡು ಒಡೆಯತ್ತೆ. ಆ ಹೊಟ್ಟೆ ಉಬ್ಬೋದನ್ನ ತಡೆಯೋಕೇ ನಾವು ಪಿಲ್ಲರಿನ ಉದ್ದದ ರಾಡುಗಳ ಸುತ್ತ ಕಬ್ಬಿಣದ ರಿಂಗ್ ಕಟ್ಟೋದು. ರಿಂಗ್ ಕಮ್ಮಿ ಇರೋ ಪಿಲ್ಲರ್‌ಗೆ ಹೊರಗಿಂದ ಗೋಣಿ ಹೊಲಿಯೋದು, ಇಷ್ಟೇ ಈ ಕೆಲಸ. ಭಾರ ಹೊರೋದು ಆಗಲೂ ಕಾಂಕ್ರೀಟೇ.

ಈಗ ಕ್ಯಾಲಿಫೋರ್ನಿಯಾಗೆ ಹೋಗೋಣ. 1971ಕ್ಕೆ ಮುಂಚೆ ಅಲ್ಲಿ ಕಟ್ಟಿದ ಹೈವೇ ಬ್ರಿಡ್ಜ್‌ಗಳ ಪಿಲ್ಲರ್‌ಗಳಲ್ಲಿ ಒಂದು ರೂಢಿ ಇತ್ತು, ಪಿಲ್ಲರ್ ಎಷ್ಟೇ ದಪ್ಪ ಇರಲಿ ಅರ್ಧ ಇಂಚಿನ ರಿಂಗು ಒಂದು ಅಡಿಗೊಂದರ ಹಾಗೆ ಹಾಕೋದು. ಐದು ಅಡಿ ದಪ್ಪದ ಪಿಲ್ಲರ್‌ಗೂ ಅದೇ! ಜೊತೆಗೆ ಉದ್ದದ ರಾಡುಗಳನ್ನ ಪಿಲ್ಲರ್ ಬುಡದಲ್ಲೇ ಲ್ಯಾಪ್ ಮಾಡ್ತಿದ್ರು, ಅಂದ್ರೆ ಒಂದರ ಪಕ್ಕ ಇನ್ನೊಂದು ಇಟ್ಟು ಜೋಡಿಸ್ತಿದ್ರು, ಲ್ಯಾಪಿನ ಉದ್ದ ರಾಡಿನ ದಪ್ಪದ 20 ಪಟ್ಟು ಅಷ್ಟೇ. ಭೂಕಂಪದಲ್ಲಿ ಅತಿ ಹೆಚ್ಚು ಹಿಂಸೆ ಆಗೋದು ಬುಡದಲ್ಲಿ, ಅಲ್ಲೇ ಜೋಡಣೆ, ಅಲ್ಲೇ ರಿಂಗ್ ಕಮ್ಮಿ. ಇಲ್ಲಿ ಕೂತಿರೋ ಬಾರ್ ಬೆಂಡರ್ ಅಣ್ಣಂದಿರಿಗೆ ಇದು ಕೇಳಿದ್ರೇ ಗೊತ್ತಾಗತ್ತೆ ಏನಾಗತ್ತೆ ಅಂತ. 1971ರ ಫೆಬ್ರವರಿ 9ಕ್ಕೆ ಸ್ಯಾನ್ ಫರ್ನಾಂಡೋ ಭೂಕಂಪ ಆಯ್ತು, ಪಿಲ್ಲರ್‌ಗಳು ಬುಡದಲ್ಲಿ ಕಿತ್ಕೊಂಡು ಬಂದವು. ಆಮೇಲೆ ಹೊಸ ಬ್ರಿಡ್ಜ್‌ಗಳ ನಿಯಮ ಬದಲಾಯ್ತು, ಸರಿ, ಆದ್ರೆ ಅದಾಗಲೇ ನಿಂತಿದ್ದ ಸಾವಿರಾರು ಹಳೇ ಪಿಲ್ಲರ್‌ಗಳ ಕಥೆ ಏನು? ಕ್ಯಾಲ್‌ಟ್ರಾನ್ಸ್, ಅಂದ್ರೆ ಅಲ್ಲಿನ ರಾಜ್ಯದ ಹೈವೇ ಇಲಾಖೆ, ಮೊದಲು ಡೆಕ್ಕುಗಳು, ಅಂದ್ರೆ ಗಾಡಿ ಓಡೋ ಮೇಲಿನ ಸ್ಲ್ಯಾಬುಗಳು, ಜಾಯಿಂಟಲ್ಲಿ ಜಾರಿ ಬೀಳದ ಹಾಗೆ ಕೇಬಲ್ ಹಾಕಿ ಕಟ್ಟೋ ಕೆಲಸ ತಗೊಂಡ್ರು. ಪಿಲ್ಲರ್‌ಗಳ ಸರದಿ ಬರೋ ಹೊತ್ತಿಗೆ ಹದಿನೈದು ವರ್ಷದ ಮೇಲೆ ಆಗಿತ್ತು. 1987ರಲ್ಲಿ ವಿಟ್ಟಿಯರ್ ನ್ಯಾರೋಸ್ ಅನ್ನೋ ಕಡೆ ಆದ 5.9ರ ಭೂಕಂಪ, ದೊಡ್ಡದೇನಲ್ಲ, ಅದರಲ್ಲೂ ಪಿಲ್ಲರ್‌ಗಳು ಕೆಟ್ಟವು, ಆಗ ಎಚ್ಚರ ಆದ್ರು.

ಪಿಲ್ಲರ್‌ಗೆ ಮೊದಲ ಔಷಧಿ ಸ್ಟೀಲ್ ಜಾಕೆಟ್. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ನೈಜಲ್ ಪ್ರೀಸ್ಟ್ಲಿ ಅಂತ, ನ್ಯೂಜಿಲೆಂಡಿನವರು, ಅವರೂ ಅವರ ಜೊತೆಗಾರರೂ ಇದನ್ನ ಪರೀಕ್ಷೆ ಮಾಡಿ ಕೊಟ್ಟಿದ್ದು. ಸ್ಟೀಲ್ ಪ್ಲೇಟನ್ನ ಅರ್ಧ ಅರ್ಧ ಕೊಳವೆ ಥರ ಬಗ್ಗಿಸಿ ತಂದು ಪಿಲ್ಲರ್ ಸುತ್ತ ನಿಲ್ಸಿ ವೆಲ್ಡ್ ಮಾಡಿ ನಡುವಿನ ಸಂದಿಗೆ ಗ್ರೌಟ್, ಅಂದ್ರೆ ತೆಳು ಸಿಮೆಂಟ್ ಪಾಕ ತುಂಬೋದು. ಅದ್ಭುತವಾಗಿ ಕೆಲಸ ಮಾಡತ್ತೆ, ಆದ್ರೆ ಕ್ರೇನ್ ಬೇಕು, ವೆಲ್ಡರ್ ಬೇಕು, ರಸ್ತೆ ಅಡ್ಡಗಟ್ಟಬೇಕು, ಪೇಂಟ್ ಹೊಡೀತಾ ಇರ್ಬೇಕು. ಫೈಫ್ ಅವರು ನೋಡಿದ್ದು ಈ ಜಾಗಾನ. ಸ್ಟೀಲ್ ಬದಲು ಗ್ಲಾಸ್ ಫೈಬರಿನ ನೇಯ್ಗೆ ಬಟ್ಟೆ, ಎಪಾಕ್ಸಿ ಅನ್ನೋ ಗಟ್ಟಿ ಆಗೋ ಅಂಟಲ್ಲಿ ನೆನೆಸಿ, ಇಬ್ಬರು ಆಳು ಕೈಯಲ್ಲೇ ಸುತ್ತಿದ್ರೆ ಆಗಲ್ವಾ ಅಂತ. ಒಣಗಿದ ಮೇಲೆ ಅದೂ ಒಂದು ಚಿಪ್ಪಿನ ಥರ ಆಗತ್ತೆ, ತುಕ್ಕು ಹಿಡಿಯಲ್ಲ, ತೂಕ ಇಲ್ಲ.

ಐಡಿಯಾ ಬಹಳ ಜನರಿಗೆ ಬರತ್ತೆ ಸ್ವಾಮಿ. ಇವರು ಮಾಡಿದ್ದೇನು ಅಂದ್ರೆ, ಸ್ಟೀಲ್ ಜಾಕೆಟ್ ಪರೀಕ್ಷೆ ಆಗಿದ್ದ ಅದೇ ಲ್ಯಾಬಿಗೆ ಹೋಗಿ, ಅದೇ ಪ್ರೀಸ್ಟ್ಲಿ, ಅವರ ಜೊತೆಗಾರ ಫ್ರೀಡರ್ ಸೈಬ್ಲೆ ಅವರ ಕೈಯಲ್ಲಿ ತಮ್ಮ ಮಾಲನ್ನ ಪರೀಕ್ಷೆಗೆ ಕೊಟ್ರು. ಐದು ಅಡಿ ದಪ್ಪದ ಅಸಲಿ ಪಿಲ್ಲರಿಗೆ ಲೆಕ್ಕ ಹಿಡಿದು 0.4ರ ಅಳತೇಲಿ, ಅಂದ್ರೆ ಎರಡು ಅಡಿ ದಪ್ಪ, ಮಾದರಿ ಪಿಲ್ಲರ್‌ಗಳನ್ನ ಹಳೇ ಕಾಲದ ತಪ್ಪುಗಳ ಸಮೇತ ಕಟ್ಟಿದ್ರು, ರಿಂಗ್ ಅದೇ ಥರ ವಿರಳ, ಲ್ಯಾಪ್ ಅದೇ ಥರ ಗಿಡ್ಡ. ಬುಡ ನೆಲಕ್ಕೆ ಬಿಗಿದು, ತಲೇನ ಜ್ಯಾಕಲ್ಲಿ ಹಿಡಿದು ಆ ಕಡೆ ಈ ಕಡೆ ತಳ್ಳೋದು ಎಳೆಯೋದು, ಪ್ರತಿ ಸಲ ಇನ್ನೊಂಚೂರು ಜಾಸ್ತಿ. ಬರೀ ಪಿಲ್ಲರ್ ಸ್ವಲ್ಪ ಬಾಗಿದ ಕೂಡಲೇ ಬುಡದಲ್ಲಿ ಲ್ಯಾಪ್ ಜಾರಿ ಶಕ್ತಿ ಕಳ್ಕೊಳ್ತು. ಸುತ್ತಿದ ಪಿಲ್ಲರ್ ಅದರ ಹಲವು ಪಟ್ಟು ಬಾಗಿದ್ರೂ ಭಾರ ಬಿಡಲಿಲ್ಲ. 1991ರಲ್ಲಿ ಈ ವರದಿ ಬಂತು, ಅದೇ ವರ್ಷ ಫೈಫ್ ಅವರಿಗೆ ಹಳೇ ಕಾಂಕ್ರೀಟ್ ಪಿಲ್ಲರ್ ಗಟ್ಟಿ ಮಾಡೋ ವಿಧಾನಕ್ಕೆ ಪೇಟೆಂಟೂ ಬಂತು.

ಸ್ಟೂಡೆಂಟ್ಸ್ ಇಲ್ಲಿ ಒಂದು ಗಮನಿಸಿ. ಆ ಪರೀಕ್ಷೆ ಸೋತಿದ್ರೆ ಕಂಪನಿ ಅಲ್ಲಿಗೇ ಮುಗೀತಿತ್ತು, ವರದಿ ಎಲ್ಲರ ಕೈಗೂ ಸಿಗ್ತಿತ್ತು. ಮಾಲು ಮಾರೋಕೆ ಮುಂಚೆ ಎಲ್ಲರೆದುರು ಒಡೆದು ತೋರ್ಸೋದಕ್ಕೆ ಗುಂಡಿಗೆ ಬೇಕು. ನಂಗೆ ಆ ಮನುಷ್ಯನ ಮೇಲೆ ಗೌರವ ಬಂದಿದ್ದು ಇದನ್ನ ಓದಿದ ಮೇಲೆ.

ಇದರ ನಡುವೆ 1989ರ ಅಕ್ಟೋಬರ್ 17, ಸಂಜೆ ಐದು ಗಂಟೆ ನಾಲ್ಕು ನಿಮಿಷ, ಲೋಮಾ ಪ್ರಿಯೆಟಾ ಭೂಕಂಪ, 6.9. ಒಟ್ಟು 63 ಜನ ಸತ್ರು, ಅದರಲ್ಲಿ 42 ಜನ ಓಕ್‌ಲೆಂಡಿನ ಸೈಪ್ರೆಸ್ ಅನ್ನೋ ಎರಡಂತಸ್ತಿನ ಫ್ಲೈಓವರ್ ಒಂದರಲ್ಲೇ, ಮೇಲಿನ ರಸ್ತೆ ಕೆಳಗಿನ ರಸ್ತೆ ಮೇಲೆ ಕೂತ್ಬಿಡ್ತು. ಅವತ್ತು ಆ ಕಡೆಯವೇ ಎರಡು ಬೇಸ್‌ಬಾಲ್ ತಂಡಗಳ ಫೈನಲ್ ಸರಣಿಯ ಮ್ಯಾಚ್ ಇತ್ತು, ಬಹಳ ಜನ ಬೇಗ ಮನೆಗೆ ಹೋಗಿದ್ರು, ಇಲ್ಲದಿದ್ರೆ ಆ ಹೊತ್ತಲ್ಲಿ ಆ ರಸ್ತೆ ತುಂಬಿರ್ತಿತ್ತು. ಆಮೇಲೆ ರಾಜ್ಯದ ದುಡ್ಡು ಪಿಲ್ಲರ್ ಕಡೆಗೆ ಹರೀತು. 1994ರ ಜನವರಿ 17ರ ಬೆಳಗಿನ ಜಾವ ನಾರ್ತ್‌ರಿಡ್ಜ್ ಭೂಕಂಪ, ಏಳು ಬ್ರಿಡ್ಜ್ ಬಿದ್ದವು, ರೆಟ್ರೋಫಿಟ್, ಅಂದ್ರೆ ಹಳೇದನ್ನ ಬಲಪಡಿಸೋ ಕೆಲಸ, ಮುಗಿದಿದ್ದ ಬ್ರಿಡ್ಜ್‌ಗಳು ನಿಂತವು. ಅವುಗಳಲ್ಲಿ ಹೆಚ್ಚಿನವು ಸ್ಟೀಲ್ ಜಾಕೆಟ್ಟಿನವು, ಅದನ್ನ ಫೈಬರಿನ ಲೆಕ್ಕಕ್ಕೆ ಬರ್‍ಕೊಳ್ಳೋದು ತಪ್ಪಾಗತ್ತೆ. ಆದ್ರೆ ಪಿಲ್ಲರ್‌ಗೆ ಹೊರಗಿಂದ ಅಂಗಿ ತೊಡಿಸಿದ್ರೆ ಜೀವ ಉಳಿಯತ್ತೆ ಅನ್ನೋದು ಅವತ್ತು ನಿಜವಾದ ನೆಲದ ಮೇಲೆ ಸಾಬೀತಾಯ್ತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಜನವರಿ 17, 1995, ಜಪಾನಿನ ಕೋಬೆ. ಆರು ಸಾವಿರಕ್ಕೂ ಹೆಚ್ಚು ಜನ ಹೋದ್ರು, ಹಾನ್ಶಿನ್ ಎಕ್ಸ್‌ಪ್ರೆಸ್‌ವೇ ನೂರಾರು ಮೀಟರ್ ಉದ್ದಕ್ಕೆ ಮಗ್ಗುಲಾಗಿ ಮಲಗಿದ ಫೋಟೋ ನೀವೂ ನೋಡಿರ್ತೀರ. ಜಪಾನಿನವರ ಹತ್ರ ಕಾರ್ಬನ್ ಫೈಬರ್ ಫ್ಯಾಕ್ಟರಿಗಳು ಆಗಲೇ ಇದ್ವು, ಅಲ್ಲಿ ಪಿಲ್ಲರ್‌ಗೆ ಕಾರ್ಬನ್ ಶೀಟು ಸುತ್ತೋದು ಒಮ್ಮೆಲೇ ದೊಡ್ಡ ಕೆಲಸ ಆಯ್ತು.

ಇನ್ನೊಂದು ಕಾರಣ ಜನ ಅಷ್ಟಾಗಿ ಹೇಳಲ್ಲ. ಅಮೆರಿಕ ರಷ್ಯಾ ನಡುವಿನ ಶೀತಲ ಸಮರ ಮುಗಿದ ಮೇಲೆ ವಿಮಾನ, ಮಿಸೈಲ್‌ಗೆ ಫೈಬರ್ ಮಾಡ್ತಿದ್ದ ಕಂಪನಿಗಳಿಗೆ ಆರ್ಡರ್ ಬಿದ್ದುಹೋಯ್ತು. ಹೆಕ್ಸೆಲ್ ಅಂತ ದೊಡ್ಡ ಕಂಪನಿ, ಅದು 1993ರ ಕೊನೇಲಿ ದಿವಾಳಿ ಅರ್ಜಿ ಹಾಕೋ ಸ್ಥಿತಿಗೆ ಬಂತು, ಆಮೇಲೆ ಚೇತರಿಸ್ಕೊಂಡಿದೆ ಬಿಡಿ. ಅದೇ ಹೆಕ್ಸೆಲ್ ಫೈಫ್ ಜೊತೆ ಸೇರಿ ಕೆಲಕಾಲ ಹೆಕ್ಸೆಲ್-ಫೈಫ್ ಅಂತಲೇ ಕಂಪನಿ ನಡೀತು. ಸಣ್ಣ ಕಂಪನಿಗೆ ದೊಡ್ಡ ಮಗ್ಗ ಸಿಕ್ತು, ದೊಡ್ಡ ಕಂಪನಿಗೆ ಬಟ್ಟೆ ಹಾಕ್ಕೊಳ್ಳೋಕೆ ಹೊಸ ಮೈ ಸಿಕ್ತು.

ಇದೇ ಕಾಲಕ್ಕೆ ಬೇರೆ ಕಡೆ ಏನಾಗ್ತಿತ್ತು ಅನ್ನೋದೂ ಹೇಳ್ಬೇಕು, ಇದು ಒಬ್ಬರ ಕಥೆ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಎಂಪಾ ಅಂತ ಸರ್ಕಾರಿ ಪರೀಕ್ಷಾ ಸಂಸ್ಥೆ ಇದೆ, ಅಲ್ಲಿ ಉರ್ಸ್ ಮೈಯರ್ ಅವರು 80ರ ದಶಕದಲ್ಲಿ ಭೂಕಂಪದ ಗೋಜಿಲ್ಲದೆ ಬೇರೆ ದಾರೀಲಿ ಹೊರಟಿದ್ರು, ಬೀಮಿನ ಕೆಳಗೆ ಸ್ಟೀಲ್ ಪ್ಲೇಟ್ ಅಂಟಿಸೋ ಬದಲು ಕಾರ್ಬನ್ ಪಟ್ಟಿ ಅಂಟಿಸೋದು. 1991ರಲ್ಲಿ ಲುಸರ್ನ್ ಹತ್ರ ಈಬಾಖ್ ಬ್ರಿಡ್ಜಲ್ಲಿ ಒಂದು ಅನಾಹುತ ಆಯ್ತು, ಟ್ರಾಫಿಕ್ ಸಿಗ್ನಲ್ ಕೂರಿಸೋಕೆ ಅಂತ ತೂತು ಕೊರೀತಿದ್ದವರು ಒಳಗಿದ್ದ ಪ್ರಿಸ್ಟ್ರೆಸ್ ಕೇಬಲಿನ, ಅಂದ್ರೆ ಬಿಗಿಯಾಗಿ ಎಳೆದು ಕಾಂಕ್ರೀಟನ್ನ ಒತ್ತಿ ಹಿಡಿದಿರೋ ಸ್ಟೀಲ್ ಕೇಬಲಿನ, ಎಳೆಗಳನ್ನೇ ಕತ್ತರಿಸ್ಬಿಟ್ರು. ಕಂಬದಿಂದ ಕಂಬಕ್ಕೆ 39 ಮೀಟರ್ ಸ್ಪ್ಯಾನು, ಕೆಳಗಡೆ ಹೈವೇ, ಹಗಲು ನಿಲ್ಲಿಸೋ ಹಾಗಿಲ್ಲ. ಸ್ಟೀಲ್ ಪ್ಲೇಟ್ ಆದ್ರೆ 175 ಕೆಜಿ ಬೇಕಿತ್ತು, ಅದನ್ನ ತಲೆ ಮೇಲೆ ಎತ್ತಿ ಅಂಟು ಒಣಗೋ ತನಕ ಹಿಡ್ಕೊಂಡಿರೋ ವ್ಯವಸ್ಥೆ ಬೇಕಿತ್ತು. ಅವರು ಐದು ಮೀಟರ್ ಉದ್ದದ ಮೂರು ಕಾರ್ಬನ್ ಪಟ್ಟಿ ಅಂಟಿಸಿದ್ರು, ಒಟ್ಟು ತೂಕ 6.2 ಕೆಜಿ! ರಾತ್ರಿ ಹೊತ್ತು, ಒಂದು ಹೈಡ್ರಾಲಿಕ್ ಲಿಫ್ಟ್ ಮೇಲೆ ನಿಂತು. ಆಮೇಲೆ 840 ಕಿಲೋನ್ಯೂಟನ್, ಅಂದ್ರೆ ಸುಮಾರು 85 ಟನ್, ತೂಕದ ಗಾಡಿ ಓಡಿಸಿ ನೋಡಿದ್ರು, ಸರಿ ಇತ್ತು. ಕೆಜಿ ಲೆಕ್ಕದಲ್ಲಿ ಕಾರ್ಬನ್ನು ಸ್ಟೀಲಿನ 50 ಪಟ್ಟು ದುಬಾರಿ, ಆದ್ರೂ ಕೆಲಸದ ಲೆಕ್ಕದಲ್ಲಿ ಗಿಟ್ತು, ಯಾಕಂದ್ರೆ ದುಡ್ಡು ಹೋಗೋದು ಮಾಲಿಗಿಂತ ಸಾರುವೆಗೆ, ಕ್ರೇನಿಗೆ, ರಸ್ತೆ ಮುಚ್ಚೋದಕ್ಕೆ. ನಮ್ಮಲ್ಲೂ ಇಂಥ ಕೊಟೇಶನ್ ನೋಡಿದ ತಕ್ಷಣ "ಕೆಜಿಗೆ ಇಷ್ಟಾ?" ಅಂತಾರೆ, ನಾನು ಈ ಬ್ರಿಡ್ಜಿನ ಕಥೆ ಹೇಳ್ತೀನಿ. ಸಿಕಾ ಕಂಪನಿಯವರ ಕಾರ್ಬೋಡ್ಯೂರ್ ಅಂತ ಇವತ್ತು ನಮ್ಮಲ್ಲೂ ಸಿಗೋ ಪಟ್ಟಿಯ ಬೇರು ಈ ಸ್ವಿಸ್ ಸಂಶೋಧನೇಲಿದೆ.

ಅತ್ತ ಅಮೆರಿಕದಲ್ಲೇ ಅರಿಜೋನಾ ಯೂನಿವರ್ಸಿಟಿಯ ಪ್ರೊಫೆಸರ್ ಮೊ ಎಹ್ಸಾನಿ 1994ರಲ್ಲಿ ಟೂಸಾನ್‌ನಲ್ಲಿ ಕ್ವೇಕ್‌ರ್‍ಯಾಪ್ ಅಂತ ಕಂಪನಿ ಮಾಡಿದ್ರು, ಅವರದ್ದು ಪಾಠ ಹೇಳ್ತಾ ಹೇಳ್ತಾ ಕಂಪನಿ ಕಟ್ಟಿದ ದಾರಿ. ಹೀಗೆ ಐದಾರು ವರ್ಷದಲ್ಲಿ ಮೂರು ದೇಶದಲ್ಲಿ ಒಂದೇ ಗಿಡ ಮೊಳೆಯಿತು.

ಈಗ ಫೈಫ್ ಕಥೆಗೆ ವಾಪಸ್. ಪರೀಕ್ಷೆ ಗೆದ್ದಾಯ್ತು, ಪೇಟೆಂಟ್ ಇದೆ, ಭೂಕಂಪದ ಭಯಾನೂ ಇದೆ. ಆದ್ರೂ ಒಬ್ಬ ಡಿಸೈನ್ ಇಂಜಿನಿಯರ್ ತನ್ನ ಸಹಿ ಹಾಕ್ಬೇಕಾದ್ರೆ ಕೋಡ್, ಅಂದ್ರೆ ಕಟ್ಟೋ ನಿಯಮಗಳ ಪುಸ್ತಕ ಬೇಕು. ಕೋಡಲ್ಲಿ ಇಲ್ಲದ್ದನ್ನ ಬಿಲ್ಡಿಂಗ್ ಇಲಾಖೆಯವರು ಒಪ್ಪಲ್ಲ, ಒಪ್ಪಬಾರದು ಕೂಡ. ಕಟ್ಟಡಗಳಿಗೆ ಈ ಮಾಲನ್ನ ಹೇಗೆ ಪರೀಕ್ಷೆ ಮಾಡಿ ಒಪ್ಪಬೇಕು ಅನ್ನೋ ನಿಯಮ, ಎಸಿ 125 ಅಂತ, 1997ರಲ್ಲಿ ಬಂತು. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 440 ಅನ್ನೋ ಕಮಿಟಿ 1991ರಲ್ಲೇ ಕೂತಿತ್ತು, ಅವರ ಡಿಸೈನ್ ಗೈಡು 440.2ಆರ್ ಬರೋ ಹೊತ್ತಿಗೆ 2002. ಅಂದ್ರೆ ಕಂಪನಿ ಹುಟ್ಟಿ ಹದಿನಾಲ್ಕು ವರ್ಷ! ಅಲ್ಲಿ ತನಕ ಪ್ರತಿ ಕೆಲಸಕ್ಕೂ ಮತ್ತೆ ಮತ್ತೆ ಪರೀಕ್ಷೆ, ಮತ್ತೆ ಮತ್ತೆ ಮನವರಿಕೆ. ಹೊಸ ಮಾಲು ತಂದ ತಕ್ಷಣ ಮುಂದಿನ ವರ್ಷ ಓಡ್ಬೇಕು ಅನ್ನೋರು ಈ ಹದಿನಾಲ್ಕು ವರ್ಷ ನೆನಪಿಟ್ಕೊಳ್ಳಿ.

ಆ ಗೈಡಲ್ಲಿ ನಂಗೆ ಬಹಳ ಇಷ್ಟವಾದ ಒಂದು ಷರತ್ತಿದೆ. ಫೈಬರ್ ಪೂರ್ತಿ ಕಿತ್ತುಹೋದ್ರೂ, ಬೆಂಕಿಗೆ ಸಿಕ್ಕಿ ಸುಟ್ಟುಹೋದ್ರೂ, ಹಳೇ ಕಟ್ಟಡ ತನ್ನಷ್ಟಕ್ಕೆ ತಾನು ನಿಂತಿರ್ಬೇಕು. 2008ರ ಆವೃತ್ತಿಯ ಲೆಕ್ಕ ಏನಂದ್ರೆ, ಕಟ್ಟಡದ ಸ್ವಂತ ತೂಕದ 1.1 ಪಟ್ಟು, ಜನ ಸಾಮಾನಿನ ಹೊಸ ಭಾರದ 0.75 ಪಟ್ಟು, ಇಷ್ಟನ್ನ ಫೈಬರ್ ಇಲ್ಲದೇನೇ ಹೊರೋ ಶಕ್ತಿ ಇದ್ರೆ ಮಾತ್ರ ಮುಂದಕ್ಕೆ ಹೋಗಿ. ಕಾರಣ ಎಪಾಕ್ಸಿ. ಫೈಬರ್ ಗಟ್ಟಿ, ಆದ್ರೆ ಅದನ್ನ ಕಾಂಕ್ರೀಟಿಗೆ ಹಿಡಿದಿಟ್ಟಿರೋ ಎಪಾಕ್ಸಿ ಸುಮಾರು 60ರಿಂದ 82 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮೆತ್ತಗಾಗೋಕೆ ಶುರು ಮಾಡತ್ತೆ. ಬೆಂಕಿ ಬಿದ್ದ ಕಟ್ಟಡದಲ್ಲಿ ಅಷ್ಟು ಬಿಸಿ ಆಗೋಕೆ ಎಷ್ಟು ಹೊತ್ತು? ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮತ್ತೆ ಕ್ವೀನ್ಸ್ ಯೂನಿವರ್ಸಿಟಿ ಜೊತೆ ಸೇರಿ ಫೈಫ್‌ನವರು ಸುತ್ತಿದ ಪಿಲ್ಲರ್ ಮೇಲೆ ಬೆಂಕಿ ತಡೆಯೋ ಪ್ಲಾಸ್ಟರ್ ಹೊಡೆದು ಕುಲುಮೇಲಿಟ್ಟು ಪರೀಕ್ಷೆ ಮಾಡಿದ್ರು, ಭಾರ ಹೊತ್ತ ಪಿಲ್ಲರ್‌ಗಳು ನಾಲ್ಕು ಗಂಟೆ ದಾಟಿ ನಿಂತವು. ನಿಂತಿದ್ದು ಒಳಗಿನ ಕಾಂಕ್ರೀಟು ತಣ್ಣಗೆ ಉಳಿದಿದ್ದಕ್ಕೆ, ಎಪಾಕ್ಸಿ ಅಷ್ಟರಲ್ಲಿ ಎಂದೋ ಹೋಗಿತ್ತು. ಈ ವ್ಯತ್ಯಾಸ ಅರ್ಥ ಮಾಡ್ಕೊಳ್ದೆ ಸೆಲ್ಲಾರ್ ಪಾರ್ಕಿಂಗಲ್ಲಿ ಬರೀ ಕಪ್ಪು ಶೀಟು ಸುತ್ತಿ ಬಿಡೋರನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಟನ್ನಿನ ಲೆಕ್ಕಾನೂ ಹೇಳ್ಬಿಡ್ತೀನಿ, ಇಲ್ಲೇ ಬಹಳ ಜನ ಎಡವೋದು. ಮಾರ್ಕೆಟಲ್ಲಿ ಮಾಮೂಲಾಗಿ ಸಿಗೋ ಕಾರ್ಬನ್ ಶೀಟು ಚದರ ಮೀಟರಿಗೆ 300 ಗ್ರಾಂ, ಬರೀ ಫೈಬರಿನ ದಪ್ಪ 0.167 ಮಿಲಿಮೀಟರ್. ಅದರ ಎಳೆತದ ಶಕ್ತಿ 3,500 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ) ಅಂತ ಹಿಡಿದ್ರೆ ಒಂದು ಮೀಟರ್ ಅಗಲದ ಒಂದೇ ಪದರ ಹತ್ರ ಹತ್ರ 58 ಟನ್ ಎಳೆತ ತಡೆಯತ್ತೆ, 16 ಎಂಎಂ ರಾಡು ಐದಾರು ಹಾಕಿದ ಹಾಗೆ. ಕೇಳೋಕೆ ಭಾರಿ ಚೆನ್ನಾಗಿದೆ. ಆದ್ರೆ ಡಿಸೈನಲ್ಲಿ ಅಷ್ಟು ತಗೊಳ್ಳೋ ಹಾಗಿಲ್ಲ, ಫೈಬರ್ ಅಷ್ಟು ಹಿಗ್ಗೋ ಹೊತ್ತಿಗೆ ಒಳಗಿನ ಕಾಂಕ್ರೀಟಿನ ಬಿರುಕು ಬಾಯಿ ಬಿಟ್ಟು ಕಲ್ಲಿಗೆ ಕಲ್ಲು ಹಿಡ್ಕೊಳ್ಳೋದೇ ತಪ್ಪಿರತ್ತೆ. ಅದಕ್ಕೆ ಪಿಲ್ಲರ್ ಸುತ್ತೋ ಕೆಲಸದಲ್ಲಿ ಹಿಗ್ಗೋದನ್ನ 0.004ಕ್ಕೆ, ಅಂದ್ರೆ ಮೀಟರಿಗೆ 4 ಮಿಲಿಮೀಟರಿಗೆ ಕಟ್ಟಿಹಾಕ್ತಾರೆ. ಆಗ ಅದೇ ಶೀಟಿಂದ ಸಿಗೋದು 15 ಟನ್ ಚಿಲ್ಲರೆ. ಬ್ರೋಷರ್ ಹೇಳೋದರ ನಾಲ್ಕನೇ ಒಂದು ಪಾಲು. ಈ ನಾಲ್ಕನೇ ಒಂದು ಪಾಲಿನ ಮೇಲೆ ಡಿಸೈನ್ ಮಾಡೋನು ಇಂಜಿನಿಯರ್, ಪೂರ್ತಿ ಅಂಕಿ ಮೇಲೆ ಮಾಡೋನು ಸೇಲ್ಸ್‌ಮನ್.

ಕಂಪನಿ ದೊಡ್ಡದಾಗೋಕೆ ಇನ್ನೊಂದು ದಾರಿ ಕಂಡ್ಕೊಂಡಿದ್ದು ಕೆಲಸ ಮಾಡೋ ಕೈಗಳ ವಿಷಯದಲ್ಲಿ. ರೋಲು ಮಾರಿ ಕೈ ತೊಳ್ಕೊಳ್ಳಲಿಲ್ಲ, ಟ್ರೈನಿಂಗ್ ಆದವರು ಮಾತ್ರ ಹಾಕ್ಬೇಕು ಅಂತ ಸರ್ಟಿಫೈಡ್ ಟೀಮುಗಳನ್ನ ಬೆಳೆಸಿದ್ರು. ಬಟ್ಟೆಗೆ ಬ್ರಷ್ಷಲ್ಲಿ ಎಪಾಕ್ಸಿ ಬಳಿದ್ರೆ ಕೆಲವು ಕಡೆ ಕುಡಿಯತ್ತೆ ಕೆಲವು ಕಡೆ ಒಣಗೇ ಉಳಿಯತ್ತೆ, ಅದಕ್ಕೆ ಎರಡು ರೋಲರ್ ನಡುವೆ ಹಾಯಿಸಿ ಒಂದೇ ಸಮ ಕುಡಿಸೋ ಮೆಷಿನ್ನು ಸೈಟಿಗೇ ಬರ್ತಿತ್ತು. ಪಿಲ್ಲರ್ ಮೂಲೆ ಚೂಪಾಗಿದ್ರೆ ಫೈಬರ್ ಅಲ್ಲೇ ಕತ್ತರಿಸತ್ತೆ, ಕನಿಷ್ಠ 13 ಮಿಲಿಮೀಟರ್ ರೇಡಿಯಸ್ಸಿಗೆ ಉಜ್ಜಿ ದುಂಡಗೆ ಮಾಡ್ಬೇಕು. ಅಂಟು ಹಿಡಿದಿದ್ಯಾ ಅಂತ ಡಾಲಿ ಅನ್ನೋ ಸಣ್ಣ ಲೋಹದ ಬಿಲ್ಲೆ ಅಂಟಿಸಿ ಕಿತ್ತು ನೋಡ್ಬೇಕು, 1.4 ಮೆಗಾಪಾಸ್ಕಲ್‌ಗಿಂತ ಕಮ್ಮೀಲಿ ಬರಬಾರದು, ಬಂದ್ರೂ ಕಾಂಕ್ರೀಟ್ ಕಿತ್ತು ಬರ್ಬೇಕು, ಅಂಟಿನ ಜಾಗದಲ್ಲಿ ಬಿಡಬಾರದು.

ಇಲ್ಲಿ ನನ್ನ ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ. ಊರು ಬೇಡ, ಯಾರ ಹೆಸರೂ ಬೇಡ. ಒಂದು ಹಳೇ ಕಟ್ಟಡದಲ್ಲಿ ಪಿಲ್ಲರ್‌ಗಳಿಗೆಲ್ಲ ಕಾರ್ಬನ್ ಸುತ್ತಿ ಒಂದೂವರೆ ವರ್ಷ ಆಗಿತ್ತು, ಅಲ್ಲಲ್ಲಿ ಉಬ್ಬಿದೆ ನೋಡಿ ಅಂತ ನನ್ನ ಕರೆದ್ರು. ನಾಣ್ಯ ತಗೊಂಡು ತಟ್ಟಿದೆ, ಟೊಳ್ಳು ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಡಬ್ ಅಂತು. ಒಂದು ಕಡೆ ಕತ್ತರಿಸಿ ಎಳೆದೆ, ಶೀಟು ಸೀರೆ ನೆರಿಗೆ ಬಿಚ್ಚಿದ ಹಾಗೆ ಬಂತು, ಹಿಂದೆ ಅಂಟ್ಕೊಂಡು ಬಂದಿದ್ದು ಏನು ಗೊತ್ತಾ? ಪ್ಲಾಸ್ಟರು. ಪ್ಲಾಸ್ಟರ್ ಕೆತ್ತದೆ ಅದರ ಮೇಲೇ ಸುತ್ತಿದ್ರು, ಒಳಗೆ ರಾಡು ತುಕ್ಕು ಹಿಡಿದು ಕಾಂಕ್ರೀಟ್ ಸೀಳಿತ್ತು, ಅದನ್ನೂ ಮುಟ್ಟಿರಲಿಲ್ಲ. ಆ ಮನೆಯವರು ಸಾಲ ಮಾಡಿ ಲಕ್ಷಗಟ್ಟಲೆ ಕೊಟ್ಟಿದ್ರು, ಆ ಅಮ್ಮ ನನ್ನ ಮುಖ ನೋಡ್ತಾ "ಈಗ ಗಟ್ಟಿ ಇದ್ಯಾ ಇಲ್ವಾ ಅಷ್ಟು ಹೇಳಿ" ಅಂದ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನಂಗೆ. ತುಕ್ಕು ಹಿಡಿದ ಪಿಲ್ಲರಿಗೆ ಶೀಟು ಸುತ್ತೋದು ಕೀವು ತುಂಬಿದ ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಹಾಗೆ, ಕೊಳೆ ತೆಗೀದೆ ಕಟ್ಟಿದ್ರೆ ಒಳಗೊಳಗೇ ತಿನ್ನತ್ತೆ.

ಸರಿ, ಕಂಪನಿ ಮುಂದಕ್ಕೆ ಹೋಗಿದ್ದು ಅಚ್ಚರಿಯ ದಾರೀಲಿ, ಪೈಪಿನೊಳಗೆ. ಅಮೆರಿಕದಲ್ಲಿ ದೊಡ್ಡ ನೀರಿನ ಲೈನುಗಳಿಗೆ ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಪೈಪ್ ಬಹಳ ಹಾಕಿದ್ದಾರೆ, ಕಾಂಕ್ರೀಟ್ ಕೊಳವೆ ಸುತ್ತ ಬಿಗಿಯಾಗಿ ತಂತಿ ಸುತ್ತಿರೋದು. ವರ್ಷಗಳಾದ ಮೇಲೆ ತಂತಿ ಒಂದೊಂದೇ ಕಡಿದು, ಒಂದು ದಿನ ಬಾಂಬ್ ಹಾಗೆ ಸಿಡಿಯತ್ತೆ. 2008ರ ಡಿಸೆಂಬರ್ 23ಕ್ಕೆ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ರಿವರ್ ರೋಡ್ ಅನ್ನೋ ರಸ್ತೇಲಿ 66 ಇಂಚಿನ ಇಂಥ ಪೈಪ್ ಒಡೆದು ರಸ್ತೆಯೇ ಹೊಳೆ ಆಗಿ ಕಾರಲ್ಲಿ ಸಿಕ್ಕಿಹಾಕ್ಕೊಂಡವರನ್ನ ಹೆಲಿಕಾಪ್ಟರಲ್ಲಿ ಎತ್ತಬೇಕಾಯ್ತು. ಇಂಥ ಪೈಪನ್ನ ಅಗೆದು ತೆಗೀದೆ, ಮ್ಯಾನ್‌ಹೋಲಲ್ಲಿ ಆಳು ಇಳಿದು ಒಳಗಿಂದ ಕಾರ್ಬನ್ ಬಟ್ಟೆ ಅಂಟಿಸಿದ್ರೆ ಪೈಪಿನೊಳಗೆ ಇನ್ನೊಂದು ಪೈಪ್ ಆಗತ್ತೆ. ಪಿಲ್ಲರಲ್ಲಿ ಹೊರಗಿಂದ ಗೋಣಿ, ಇಲ್ಲಿ ಒಳಗಿಂದ ಅಸ್ತರಿ. ಫೈಫ್ ಈ ಕೆಲಸದಲ್ಲಿ ದೊಡ್ಡ ಹೆಸರು ಮಾಡ್ತು.

2011ರಲ್ಲಿ ಇನ್‌ಸಿಚ್ಯುಫಾರ್ಮ್ ಅನ್ನೋ ಕಂಪನಿ ಫೈಫ್‌ನ ಉತ್ತರ ಅಮೆರಿಕದ ವ್ಯಾಪಾರಾನ ಸುಮಾರು 11.6 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. ಈ ಇನ್‌ಸಿಚ್ಯುಫಾರ್ಮಿನ ಮೂಲ ಲಂಡನ್ನು, 1971ರಲ್ಲಿ ಎರಿಕ್ ವುಡ್ ಅನ್ನೋರು ಹಳೇ ಚರಂಡಿ ಪೈಪಿನೊಳಗೆ ರೆಸಿನ್ನಲ್ಲಿ ನೆನೆಸಿದ ಫೆಲ್ಟ್ ಚೀಲ ತೂರಿಸಿ ಗಟ್ಟಿ ಮಾಡಿದ್ರಲ್ಲ, ಅದೇ. ಪೈಪಿನವರಿಗೆ ಪೈಪ್ ಬಲಪಡಿಸೋ ಬಟ್ಟೆ ಬೇಕಿತ್ತು. ಅದೇ ವರ್ಷ ಅವರು ಏಜಿಯನ್ ಅಂತ ಹೆಸರು ಬದಲಾಯಿಸ್ಕೊಂಡ್ರು, 2012ರಲ್ಲಿ ಫೈಫ್‌ನ ಲ್ಯಾಟಿನ್ ಅಮೆರಿಕ, ಏಷ್ಯಾ ವ್ಯಾಪಾರಾನೂ ತಗೊಂಡ್ರು. ಎಷ್ಟು ಬೆಳೀತು ಅಂತ ನಾವೆಲ್ಲ ಖುಷಿಪಟ್ವಿ. ಆದ್ರೆ 2017ರಲ್ಲಿ ಏಜಿಯನ್ ಒಂದು ತೀರ್ಮಾನ ತಗೊಳ್ತು, ಉತ್ತರ ಅಮೆರಿಕದಲ್ಲಿ ಪೈಪ್ ಬಿಟ್ಟು ಬೇರೆ ಕಡೆ ಟೈಫೋ ಹಾಕೋ ಕಾಂಟ್ರ್ಯಾಕ್ಟ್ ಕೆಲಸ ನಿಲ್ಲಿಸೋದು ಅಂತ. ಅಂದ್ರೆ ಪಿಲ್ಲರ್ ಸುತ್ತಿ ಹುಟ್ಟಿದ ಕಂಪನಿ ಪಿಲ್ಲರ್ ಸುತ್ತೋ ಕೂಲಿ ಕೆಲಸಾನೇ ಬಿಡ್ತು. 2021ರಲ್ಲಿ ಏಜಿಯನ್ನನ್ನೇ ನ್ಯೂ ಮೌಂಟನ್ ಕ್ಯಾಪಿಟಲ್ ಅನ್ನೋ ಹೂಡಿಕೆ ಸಂಸ್ಥೆ ಕೊಂಡ್ಕೊಳ್ತು.

ಯಾಕೆ ಹೀಗಾಯ್ತು ಅನ್ನೋದರ ಬಗ್ಗೆ ನನ್ನ ಅಂದಾಜು ಹೇಳ್ತೀನಿ, ಈ ಕಸುಬಲ್ಲಿ ಇರೋನಾಗಿ. ಪೈಪ್ ಕೆಲಸ ಅಂದ್ರೆ ಒಂದು ಟೆಂಡರ್, ಮೈಲಿಗಟ್ಟಲೆ ಒಂದೇ ಥರದ ಕೆಲಸ, ಒಬ್ಬನೇ ಗಿರಾಕಿ. ಕಟ್ಟಡ ಅಂದ್ರೆ ಪ್ರತಿಯೊಂದೂ ಬೇರೆ, ನಾಲ್ಕು ಪಿಲ್ಲರ್ ಇಲ್ಲಿ, ಎರಡು ಬೀಮ್ ಅಲ್ಲಿ, ಡ್ರಾಯಿಂಗ್ ಸಿಗಲ್ಲ, ಫಾಲ್ಸ್ ಸೀಲಿಂಗ್ ಬಿಚ್ಚಿದ ಮೇಲೆ ಗೊತ್ತಾಗತ್ತೆ ಅಲ್ಲೊಂದು ಡ್ರೈನೇಜ್ ಪೈಪ್ ಬೀಮನ್ನ ತೂರಿ ಹೋಗಿದೆ ಅಂತ. ಅಂಥ ಕೆಲಸ ಲಾಭಕ್ಕೆ ಬರ್ಬೇಕಾದ್ರೆ ಸೈಟಲ್ಲಿ ನಿಂತು ಆಗಿಂದಾಗಲೇ ತೀರ್ಮಾನ ತಗೊಳ್ಳೋ ಮನುಷ್ಯ ಇರ್ಬೇಕು, ಸಾವಿರ ಮೈಲಿ ದೂರದ ಹೆಡ್ ಆಫೀಸಿಂದ ಆಗಲ್ಲ. ಆ ಸುದ್ದಿ ಓದಿದಾಗ ನಂಗೆ ಬೇಜಾರಾಗಿದ್ದು ನಿಜ. ಆ ಲ್ಯಾಬಲ್ಲಿ ಪಿಲ್ಲರ್ ಬಾಗಿಸಿದ ಕೈಗಳ ನೆನಪಾಯ್ತು.

ಇನ್ನು ನಮ್ಮ ಕಡೆ. ಕರ್ನಾಟಕದ ಬಹುಭಾಗ ಭೂಕಂಪದ ಅಪಾಯ ಕಮ್ಮಿ ಇರೋ ಜಾಗ, ಆದ್ರಿಂದ ಇಲ್ಲಿ ಈ ಮಾಲು ಬಂದಿದ್ದು ಭೂಕಂಪದ ಭಯದಿಂದ ಅಲ್ಲ. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಗೆ ರಾಡು ತಿಂದುಹೋಗೋದು, ಬೆಂಗಳೂರಲ್ಲಿ ಮನೆಗೆ ಅಂತ ಕಟ್ಟಿದ್ದನ್ನ ನರ್ಸಿಂಗ್ ಹೋಮ್ ಮಾಡೋದು, ಗೋಡೌನ್ ಮಾಡೋದು, ಇಲ್ಲ ಪಿಲ್ಲರ್ ಹಾಕಿದ ಮೇಲೆ ಅದೇ ಕಾಂಕ್ರೀಟಿನ ಗಟ್ಟಿ ನೋಡೋ ಕ್ಯೂಬ್ ಟೆಸ್ಟ್ ಫೇಲ್ ಆಗಿ ಈಗೇನ್ಮಾಡೋದು ಅಂತ ಓಡಿಬರೋದು. ನಮಗೆ ಬರೋ ಕೇಸುಗಳೆಲ್ಲ ಹೆಚ್ಚುಕಮ್ಮಿ ಇವೇ. ಹೀಗಾಗಿ ಕ್ಯಾಲಿಫೋರ್ನಿಯಾದ ಲೆಕ್ಕ ನಕಲು ಹೊಡೆದ್ರೆ ನಡೆಯಲ್ಲ. ಅವರ ಪಿಲ್ಲರಲ್ಲಿ ಕಾಂಕ್ರೀಟ್ ಚೆನ್ನಾಗಿತ್ತು, ರಿಂಗ್ ಸಾಕಷ್ಟು ಇರಲಿಲ್ಲ. ನಮ್ಮಲ್ಲಿ ಎಷ್ಟೋ ಸಲ ಕಾಂಕ್ರೀಟೇ ಇರಲ್ಲ, ಪರೀಕ್ಷೆಗೆ ಅಂತ ಕೋರ್, ಅಂದ್ರೆ ಕೊರೆದ ತುಂಡು ತೆಗೆದ್ರೆ ಪುಡಿ ಬರತ್ತೆ. ಬರೀ ಅಂಟಿನ ಮೇಲೆ ನಿಂತಿರೋ ಕೆಲಸಕ್ಕೆ, ಅಂದ್ರೆ ಬೀಮಿನ ತಳಕ್ಕೆ ಪಟ್ಟಿ ಅಂಟಿಸೋ ಥರದ್ದಕ್ಕೆ, ಕಾಂಕ್ರೀಟ್ ಕನಿಷ್ಠ 17 ಮೆಗಾಪಾಸ್ಕಲ್ ಇರ್ಬೇಕು ಅಂತ ಆಗ ಹೇಳಿದ 440.2ಆರ್ ಗೈಡಲ್ಲೇ ಇದೆ. ಅದಕ್ಕಿಂತ ಕಮ್ಮಿ ಇದ್ರೆ ಹಳೇ ಥರ ಹೊಸ ರಾಡು ಕಟ್ಟಿ ಕಾಂಕ್ರೀಟ್ ಜಾಕೆಟ್ ಹಾಕಿ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ, ಅಗ್ಗಾನೂ ಹೌದು.

ಕೊನೇಲಿ ಪ್ರಶ್ನೆಗಳಿಗೆ ಅಂತ ಇಪ್ಪತ್ತು ನಿಮಿಷ ಇಟ್ಕೊಂಡಿದ್ವಿ. ಚೌಕ ಪಿಲ್ಲರಿಗೆ ಸುತ್ತಿದ್ರೆ ದುಂಡು ಪಿಲ್ಲರಿನಷ್ಟೇ ಉಪಯೋಗ ಆಗತ್ತಾ ಅಂತ ಒಬ್ಬಳು ವಿದ್ಯಾರ್ಥಿನಿ ಕೇಳಿದ್ಲು, ಒಳ್ಳೇ ಪ್ರಶ್ನೆ. ಆಗಲ್ಲಮ್ಮ, ದುಂಡಗಿದ್ರೆ ಎಲ್ಲಾ ಕಡೆಯಿಂದ ಸಮ ಒತ್ತತ್ತೆ, ಚೌಕದಲ್ಲಿ ನಾಲ್ಕು ಮೂಲೆ ಮಾತ್ರ ಒತ್ತತ್ತೆ, ಉದ್ದನೆ ಪಿಲ್ಲರ್ ಆದ್ರೆ, ನಮ್ಮ ಮನೆಗಳಲ್ಲಿ ಗೋಡೆಯೊಳಗೆ ಮುಚ್ಚೋಕೆ ಅಂತ ಒಂಬತ್ತು ಇಂಚು ಅಗಲಕ್ಕೆ ಹಾಕ್ತಾರಲ್ಲ ಅಂಥದ್ದು, ಅದರಲ್ಲಿ ಇನ್ನೂ ಕಮ್ಮಿ ಅಂದೆ.

ಆಮೇಲೆ ಹಿಂದಿನ ಸಾಲಿಂದ ಒಬ್ರು ಹಿರಿಯರು ಎದ್ದು ನಿಂತ್ರು, ಇಂಜಿನಿಯರ್ ಅಲ್ಲ, ಅಡಿಕೆ ವ್ಯಾಪಾರದವರು, ಮಗನ ಜೊತೆ ಬಂದಿದ್ರು. "ನಂದು ಗ್ರೌಂಡ್ ಪ್ಲಸ್ ಒಂದು ಇದೆ ಸರ್, ಮೇಲೆ ಇನ್ನೆರಡು ಎತ್ತಬೇಕು, ಪಿಲ್ಲರ್‌ಗೆಲ್ಲ ಈ ಬಟ್ಟೆ ಸುತ್ತಿಸ್ಬಿಟ್ರೆ ಆಗತ್ತಲ್ಲ?" ನಾನು ಕೇಳ್ದೆ, ಯಜಮಾನ್ರೇ, ನಿಮ್ಮ ಫುಟಿಂಗ್, ಅಂದ್ರೆ ಪಿಲ್ಲರ್ ಕೆಳಗಿನ ಪಾಯ, ಎಷ್ಟಗಲ ಇದೆ, ಎಷ್ಟು ಆಳದಲ್ಲಿದೆ, ಕೆಳಗೆ ಕಪ್ಪು ಮಣ್ಣೋ ಗಟ್ಟಿ ಮೊರಂ ಇದ್ಯೋ ಅಂತ. ಕಟ್ಟಿಸಿದ್ದು ಅಪ್ಪನ ಕಾಲದಲ್ಲಿ, ಕಾಗದ ಪತ್ರ ಏನೂ ಇಲ್ಲ ಅಂದ್ರು. ಪಿಲ್ಲರ್ ಎಷ್ಟೇ ಗಟ್ಟಿ ಮಾಡಿದ್ರೂ ಕೊನೆಗೆ ಭಾರ ಹೋಗೋದು ಮಣ್ಣಿಗೆ, ಮಣ್ಣಿಗೆ ಬಟ್ಟೆ ಸುತ್ತೋಕಾಗಲ್ಲ, ಮೊದಲು ಒಂದು ಮೂಲೆ ಪಿಲ್ಲರ್ ಪಕ್ಕ ಗುಂಡಿ ತೆಗೆಸಿ ನೋಡಿ, ಆಮೇಲೆ ಫೋನ್ ಮಾಡಿ ಅಂದೆ. ಅವರು ಮಗನ ಕಡೆ ತಿರುಗಿ "ಭಾನುವಾರ ಇಬ್ರು ಆಳು ಹೇಳು" ಅಂದ್ರು.